ಎಣ್ಣೆಗಿಂತ ಮೊದಲು ಬ್ರಷ್ಷು

ಕಳೆದ ಕಾರ್ತೀಕದ ಒಂದು ಭಾನುವಾರ ಬೆಳಿಗ್ಗೆ, ದೇವರ ಕೋಣೆಗೆಂದು ಮಾಡುತ್ತಿದ್ದ ಸಣ್ಣ ಮಂಟಪದ ಚೌಕಟ್ಟಿಗೆ 45 ಡಿಗ್ರಿ ಓರೆಯಲ್ಲಿ ತೇಗದ ಪಟ್ಟಿ ಕೊಯ್ಯಬೇಕಾಗಿ ಬಂದು, ಟೇಬಲ್ ಸಾ ಯಂತ್ರದ (ಮೇಜಿನ ಸೀಳಿನಿಂದ ಮೇಲೆದ್ದು ತಿರುಗುವ ದುಂಡು ಗರಗಸ) ಬ್ಲೇಡನ್ನು ಬಾಗಿಸಲು ಪಕ್ಕದ ಕೈಚಕ್ರವನ್ನು ತಿರುಗಿಸಿದೆ. ಚಕ್ರವು 38ರ ಗುರುತಿನವರೆಗೆ ಬಿಗಿಬಿಗಿಯಾಗಿಯೇ ಬಂದು ಅಲ್ಲಿ ನಿಂತುಬಿಟ್ಟಿತು. ಹಿಂದಕ್ಕೆ ತಿರುಗಿಸಿ ಮತ್ತೆ ಮುಂದಕ್ಕೆ ತಂದೆ. ಮತ್ತೆ ಅದೇ ಜಾಗದಲ್ಲಿ ನಿಂತಿತು. ಹಿಡಿಗೆ ಒಂದು ಕಬ್ಬಿಣದ ಪೈಪು ಸಿಕ್ಕಿಸಿ ಬಲ ಹಾಕೋಣವೆಂಬ ಯೋಚನೆ ಬಂದದ್ದು ಸುಳ್ಳಲ್ಲ, ಆದರೆ ಬೀಡು ಕಬ್ಬಿಣದ ಹಲ್ಲು ಮುರಿದರೆ ಅದನ್ನು ಬೆಸೆದುಕೊಡುವವರನ್ನು ಹುಡುಕುವುದು ಎಷ್ಟು ಕಷ್ಟವೆಂಬುದು ಗೊತ್ತಿದ್ದುದರಿಂದ ಪೈಪನ್ನು ಮೂಲೆಗಿಟ್ಟು, ಪ್ಲಗ್ ಕಿತ್ತು, ಟಾರ್ಚ್ ಹಿಡಿದು ಯಂತ್ರದ ಹೊಟ್ಟೆಯೊಳಗೆ ತಲೆ ಹಾಕಿದೆ.

ಒಳಗೆ ಕಂಡದ್ದು ಹೀಗಿತ್ತು. ಬ್ಲೇಡನ್ನು ಬಾಗಿಸುವ ಅರ್ಧಚಂದ್ರಾಕಾರದ ಹಲ್ಲುಪಟ್ಟಿಯ ಮೇಲೆ ಹಲ್ಲುಗಳೇ ಇರಲಿಲ್ಲ. ಹಲ್ಲು ಹಲ್ಲಿನ ನಡುವಿನ ಸಂದುಗಳೆಲ್ಲ ಕಪ್ಪು ಕಂದು ಬಣ್ಣದ ಗಟ್ಟಿ ಹಿಟ್ಟಿನಿಂದ ತುಂಬಿ, ಮೇಲ್ಮೈ ಒಂದೇ ಸಮನಾಗಿ ನುಣುಪಾಗಿತ್ತು. ಉಗುರಿನಿಂದ ಕೆದಕಿದರೆ ಬರಲಿಲ್ಲ. ಹಳೆಯ ಉಳಿಯ ತುದಿಯಿಂದ ಒತ್ತಿದಾಗ, ಒಣಗಿದ ಹೋಳಿಗೆಯ ಹೂರಣದಂತೆ ಒಂದು ತುಂಡು ಎದ್ದು ಅಂಗೈಗೆ ಬಿತ್ತು, ಹಲ್ಲಿನ ಅಚ್ಚು ಅದರ ಮೇಲೆ ಸ್ಪಷ್ಟವಾಗಿ ಮೂಡಿತ್ತು. ಮೂಸಿದರೆ ಅರ್ಧ ತೇಗ, ಅರ್ಧ ಗ್ರೀಸು. ಆ ಗ್ರೀಸನ್ನು ಮೂರು ವರ್ಷಗಳ ಹಿಂದೆ, ಯಂತ್ರ ಮನೆಗೆ ಬಂದ ಹೊಸದರಲ್ಲಿ, ಅದಕ್ಕೆ ಉಪಕಾರ ಮಾಡುತ್ತಿದ್ದೇನೆಂಬ ಭಾವದಲ್ಲಿ ಎರಡು ಬೆರಳಿನಿಂದ ಧಾರಾಳವಾಗಿ ಮೆತ್ತಿದವನು ನಾನೇ.

ನಮ್ಮ ಮನೆಯಲ್ಲಿ ಇಂಥ ತಪ್ಪು ಆಗಬಾರದಿತ್ತು. ದಾವಣಗೆರೆಯನ್ನು ಜನ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲದಲ್ಲಿ ಅಪ್ಪ ಇಲ್ಲಿನ ಒಂದು ಹತ್ತಿ ಗಿರಣಿಯಲ್ಲಿ ಆಯಿಲರ್ ಆಗಿದ್ದರು. ನೂಲುವ ಯಂತ್ರಗಳ ಸಾಲಿನ ನಡುವೆ ಉದ್ದ ಮೂತಿಯ ಎಣ್ಣೆ ಕ್ಯಾನು ಹಿಡಿದು ಪಾಳಿಯಿಡೀ ನಡೆಯುವುದೇ ಅವರ ಕೆಲಸ. ಹತ್ತಿಯ ನಾರಿನ ಧೂಳು ಮಂಜಿನಂತೆ ತೇಲುತ್ತಿದ್ದ ಆ ಶೆಡ್ಡಿನಲ್ಲಿ ಅವರ ಎಡಗೈಯಲ್ಲಿ ಸದಾ ಒಂದು ಹಿಡಿ ವೇಸ್ಟ್ ಬಟ್ಟೆ ಇರುತ್ತಿತ್ತಂತೆ; ಎಣ್ಣೆಯ ಕ್ಯಾನು ಬಲಗೈಯಲ್ಲಿದ್ದರೂ ಮೊದಲು ಚಲಿಸುವುದು ಎಡಗೈ. ಹೆಚ್ಚು ಬಿದ್ದ ಒಂದು ಹನಿ ಸಿಡಿದು ನೂಲಿಗೆ ತಗುಲಿದರೆ ಆ ಕಲೆ ಬಟ್ಟೆಯವರೆಗೂ ಹೋಗುತ್ತದೆ, ಕಡಿಮೆ ಬಿದ್ದರೆ ಸ್ಪಿಂಡಲ್ ಸುಡುತ್ತದೆ. “ಎಣ್ಣಿ ಯಾರ್ ಬೇಕಾದ್ರೂ ಹಾಕ್ತಾರೆ, ಒರಸಾಕೆ ಬರಬೇಕು ನೋಡು” ಎಂದು ಅವರು ನನ್ನ ಸೈಕಲ್ಲಿನ ಚೈನನ್ನು ನೋಡಿ ಹೇಳಿದ್ದನ್ನು ನಾನು ಬಾಲ್ಯದಿಂದಲೂ ಕೇಳಿದ್ದೇನೆ. ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಮಾತು ಉಳಿಯಿತು, ಆದರೂ ನಾನು ಅದನ್ನು ಸೈಕಲ್ಲಿಗೆ ಮಾತ್ರ ಅನ್ವಯಿಸಿಕೊಂಡಿದ್ದೆ.

ಮನೆಯ ಹಿಂದಿನ ಹತ್ತು ಅಡಿ ಅಗಲದ ಶೀಟಿನ ಶೆಡ್ಡಿನಲ್ಲಿ ನನ್ನ ಬಳಿ ಈಗ ಇರುವುದು 10 ಇಂಚಿನ ಬ್ಲೇಡಿನ ಟೇಬಲ್ ಸಾ, ಸ್ಥಳೀಯವಾಗಿ ಎಲ್ಲರೂ ರಂದಾ ಮಷಿನ್ ಎನ್ನುವ ಮರದ ಮೈ ಹೆರೆದು ನುಣುಪಾಗಿಸುವ ಬೀಡು ಕಬ್ಬಿಣದ ಹಳೆಯ ಪ್ಲೇನರ್, ಒಂದು ಡ್ರಿಲ್ಲಿಂಗ್ ಸ್ಟ್ಯಾಂಡು ಮತ್ತು ಕೈಯಲ್ಲಿ ಹಿಡಿಯುವ ರೂಟರ್. ಬಡಗಿ ಕೆಲಸ ನನಗೆ ಹೊಟ್ಟೆಪಾಡಲ್ಲ, ರಜೆಯ ದಿನದ ಹವ್ಯಾಸ. ಹೊಟ್ಟೆಪಾಡಿಗೆ ದಿನವೂ ಓಡುವ ಯಂತ್ರಕ್ಕಿಂತ ಹವ್ಯಾಸಿಯ ಯಂತ್ರವೇ ಬೇಗ ಹಾಳಾಗುವುದೆಂಬುದು ನನ್ನ ಅನುಭವ, ಏಕೆಂದರೆ ಅದು ಹದಿನೈದು ದಿನ ಹೊಟ್ಟಿನ ಹೊದಿಕೆಯ ಕೆಳಗೆ ಸುಮ್ಮನೆ ಕುಳಿತಿರುತ್ತದೆ, ಮರದ ಹೊಟ್ಟು ಗಾಳಿಯ ತೇವವನ್ನು ಹೀರಿ ಕಬ್ಬಿಣಕ್ಕೆ ಒತ್ತಿಕೊಂಡಿರುತ್ತದೆ.

ಆದ್ದರಿಂದ ಮೊದಲು ಹೊಟ್ಟಿನ ಮಾತು. ಎಲ್ಲ ಮರದ ಹೊಟ್ಟೂ ಒಂದೇ ಅಲ್ಲ. ತೇಗದಲ್ಲಿ ಸಹಜವಾದ ಎಣ್ಣೆಯಂಶವೂ ಸಿಲಿಕಾ ಕಣಗಳೂ ಇರುವುದರಿಂದ ಅದರ ಹೊಟ್ಟು ಅಂಟಿಕೊಳ್ಳುವುದರ ಜೊತೆಗೆ ಸಾಣೆಯ ಪುಡಿಯಂತೆ ಸವೆಸುತ್ತದೆ. ಪ್ಯಾಕಿಂಗ್ ಪೆಟ್ಟಿಗೆಗಳಿಂದ ಬರುವ ಪೈನ್ ಮರದ ರಾಳ ಬ್ಲೇಡಿನ ಬಿಸಿಗೆ ಕರಗಿ, ಹಲ್ಲಿನ ಬುಡದಲ್ಲಿ ಹೆಪ್ಪುಗಟ್ಟುತ್ತದೆ. ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಎಂ.ಡಿ.ಎಫ್. ಹಲಗೆಯದು ಹಿಟ್ಟಿಗಿಂತ ನುಣ್ಣಗಿನ ಧೂಳು, ಮೋಟಾರಿನ ಜಾಲರಿಯೊಳಗೆ ಸಲೀಸಾಗಿ ನುಗ್ಗುವುದು ಅದೇ. ಬೇವಿನ ಹೊಟ್ಟು ಯಂತ್ರಕ್ಕೆ ಅಷ್ಟು ತೊಂದರೆ ಕೊಡದಿದ್ದರೂ ಗಂಟಲಿಗೆ ಕೊಡುತ್ತದೆ. ಅದನ್ನು ಕೊಯ್ದ ದಿನ ರಾತ್ರಿ ಊಟದ ಅನ್ನವೂ ಕಹಿಯಾಗಿರುತ್ತದೆ.

ಈ ಹೊಟ್ಟನ್ನು ತೆಗೆಯಲು ಬಹಳ ಮಂದಿ ಬ್ಲೋವರ್ ಬಳಸುತ್ತಾರೆ. ಗುಂಡಿ ಒತ್ತಿದರೆ ಎರಡು ನಿಮಿಷದಲ್ಲಿ ಯಂತ್ರ ಹೊಳೆಯುತ್ತದೆ, ನೋಡಲು ತೃಪ್ತಿಯೂ ಆಗುತ್ತದೆ. ಹಾಗೆ ಹಾರಿದ ಧೂಳು ಹೋಗುವುದಾದರೂ ಎಲ್ಲಿಗೆ? ಅರ್ಧ ನಮ್ಮ ಮೂಗಿಗೆ, ಉಳಿದರ್ಧ ಬೇರಿಂಗಿನ ಸೀಲು, ಸ್ವಿಚ್ಚಿನ ಸಂದು ಹಾಗೂ ಮೋಟಾರಿನ ಒಳಗೆ. ಮರದ ಧೂಳು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಷ್ಟು ಹಿಂದೆಯೇ ಮೊದಲನೆಯ ಗುಂಪಿಗೆ ಸೇರಿಸಿದೆ, ಅದರಲ್ಲಿಯೂ ಮೂಗಿನ ಒಳಭಾಗದ ಕ್ಯಾನ್ಸರಿನ ಸಂಬಂಧವಾಗಿ. ಹೀಗಾಗಿ ನಾನು ಬ್ಲೋವರನ್ನು ಮಾರಿ, ಒಂದೂವರೆ ಇಂಚಿನ ಎರಡು ಪೇಂಟ್ ಬ್ರಷ್ಷುಗಳನ್ನೂ, ಸವೆದ ಹಲ್ಲುಜ್ಜುವ ಬ್ರಷ್ಷುಗಳ ಒಂದು ಡಬ್ಬಿಯನ್ನೂ, ಉದ್ದ ಮೂತಿಯ ವ್ಯಾಕ್ಯೂಮ್ ಕ್ಲೀನರನ್ನೂ ಇಟ್ಟುಕೊಂಡಿದ್ದೇನೆ. ಒಂದು ಕೈಯಲ್ಲಿ ಬ್ರಷ್ಷಿನಿಂದ ಕೆದಕುವುದು, ಇನ್ನೊಂದು ಕೈಯಲ್ಲಿ ಅದನ್ನು ಹೀರುವ ಮೂತಿಯನ್ನು ಹಿಂದೆಯೇ ಒಯ್ಯುವುದು. ಅಪ್ಪನ ಎಡಗೈ ಬಲಗೈ ಲೆಕ್ಕವೇ ಇದು, ಕ್ಯಾನಿನ ಬದಲು ಮೂತಿ ಬಂದಿದೆ ಅಷ್ಟೆ. ಮೂಗಿಗೆ ಮಾಸ್ಕ್ ಹಾಕಿರಬೇಕು, ಪ್ಲಗ್ ಗೋಡೆಯಿಂದ ಹೊರಗಿರಬೇಕು. ಸ್ವಿಚ್ಚು ಆಫ್ ಮಾಡಿದರೆ ಸಾಲದು. ಬ್ರಷ್ಷಿನ ಹಿಡಿಯೋ ಮೊಣಕೈಯೋ ಸ್ವಿಚ್ಚಿಗೆ ತಾಗಲು ಒಂದು ಕ್ಷಣ ಸಾಕು. ನಾನು ಪ್ಲಗ್ಗನ್ನು ಕಿತ್ತು ಮೇಜಿನ ಮೇಲೆ ಕಣ್ಣಿಗೆ ಕಾಣುವಂತೆ ಇಟ್ಟುಕೊಂಡೇ ಕೈ ಹಾಕುತ್ತೇನೆ.

ಆ ಭಾನುವಾರ ಹಲ್ಲುಪಟ್ಟಿಯನ್ನು ಬಿಡಿಸಲು ಮಧ್ಯಾಹ್ನದವರೆಗೆ ಹಿಡಿಯಿತು. ಬ್ಲೇಡನ್ನು ಕಳಚಿಟ್ಟು, ಬಿದಿರಿನ ಸೀಳೊಂದನ್ನು ಉಳಿಯ ಆಕಾರಕ್ಕೆ ಕೆತ್ತಿಕೊಂಡು ಹಲ್ಲಿನ ಸಂದುಗಳನ್ನು ಒಂದೊಂದಾಗಿ ಕೆರೆದೆ. ಕಬ್ಬಿಣದ ಉಳಿ ಬಳಸಿದರೆ ಹಲ್ಲಿಗೆ ಗೀರು ಬೀಳುತ್ತದೆ, ಬಿದಿರು ಮುರಿದರೆ ಇನ್ನೊಂದು ಸೀಳಿಕೊಂಡರಾಯಿತು. ಗಟ್ಟಿಯಾದುದೆಲ್ಲ ಉದುರಿದ ಮೇಲೆ, ಸೀಮೆಎಣ್ಣೆಯಲ್ಲಿ ಅದ್ದಿದ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಹಳೆಯ ಬನಿಯನ್ ಬಟ್ಟೆಯಿಂದ ಒರೆಸಿ, ಒಂದು ಗಂಟೆ ಬಾಗಿಲು ತೆರೆದು ಆರಲು ಬಿಟ್ಟೆ. ಆಗ ಕಂಡ ಹಲ್ಲುಗಳು ಹೊಸದರಂತೆಯೇ ಇದ್ದವು. ಕೈಚಕ್ರವನ್ನು ತಿರುಗಿಸಿದರೆ, ಎಣ್ಣೆಯ ಒಂದು ಹನಿಯೂ ಇಲ್ಲದೆ, ಅದು ಬೆರಳಿನ ತುದಿಗೆ ಸರಾಗವಾಗಿ 45ರವರೆಗೆ ಹೋಗಿ ಬಂದಿತು. ಕೈಚಕ್ರವನ್ನು ಬಿಗಿ ಮಾಡಿದ್ದು ಎಣ್ಣೆಯ ಕೊರತೆಯೆಂದು ನಾನು ಮೊದಲಿಗೆ ಎಣಿಸಿದ್ದೆ. ವಾಸ್ತವದಲ್ಲಿ ನಾನು ಹಾಕಿದ ಜಿಡ್ಡೇ ಅದಕ್ಕೆ ಕಾರಣವಾಗಿತ್ತು.

ಅಂದಿನಿಂದ ನಾನು ಪಾಲಿಸುತ್ತಿರುವ ನಿಯಮವೆಂದರೆ, ಮುಚ್ಚಿದ ಜಾಗಕ್ಕೆ ಎಣ್ಣೆ ಅಥವಾ ಗ್ರೀಸು, ಹೊಟ್ಟಿಗೆ ತೆರೆದುಕೊಂಡ ಜಾಗಕ್ಕೆ ಮೇಣ. ಡಬ್ಬಿಯೊಳಗೆ ಸೀಲಾಗಿರುವ ಗೇರುಗಳಿಗೆ ಗ್ರೀಸು ಸರಿ, ಅಲ್ಲಿಗೆ ಧೂಳು ಬರುವುದಿಲ್ಲ. ಟೇಬಲ್ ಸಾ ಯಂತ್ರದ ಹಲ್ಲುಪಟ್ಟಿ, ಎತ್ತುವ ಇಳಿಸುವ ಸ್ಕ್ರೂ, ಪ್ಲೇನರ್ ಮೇಜು ಜಾರುವ ಓರೆ ಹಳಿಗಳು, ಇವೆಲ್ಲ ಹೊಟ್ಟಿನ ಮಳೆಯಲ್ಲಿಯೇ ನಿಂತಿರುತ್ತವೆ. ಅಲ್ಲಿ ಹಸಿ ಜಿಡ್ಡು ಹಾಕುವುದೆಂದರೆ ಹಿಟ್ಟಿಗೆ ನೀರು ಹಾಕಿ ನಾದಿದಂತೆ. ಅಂಥ ಕಡೆ ಒಣಗಿ ಪದರವಾಗುವ ಮೇಣವನ್ನೋ, ಗ್ರಾಫೈಟ್ ಪುಡಿಯನ್ನೋ, ಪಿ.ಟಿ.ಎಫ್.ಇ. (ಟೆಫ್ಲಾನ್) ಇರುವ ಒಣ ಸ್ಪ್ರೇಯನ್ನೋ ಬಳಸಬೇಕು. ಗ್ರಾಫೈಟ್ ಒಳ್ಳೆಯದೇ, ಆದರೆ ಅದರ ಕಪ್ಪು ಮರಕ್ಕೂ ಬಟ್ಟೆಗೂ ಹತ್ತುವುದರಿಂದ ಮರ ತಾಗುವ ಮೇಲ್ಮೈಗೆ ನಾನು ಅದನ್ನು ತರುವುದಿಲ್ಲ.

ಮೇಣವನ್ನು ಮನೆಯಲ್ಲಿಯೇ ಮಾಡಿಕೊಳ್ಳುತ್ತೇನೆ. ಜೇನುಮೇಣವನ್ನು ತುರಿಮಣೆಯಲ್ಲಿ ತುರಿದು (ಅಡುಗೆಮನೆಯ ತುರಿಮಣೆ ಬೇಡ, ಆ ಜಗಳ ಒಮ್ಮೆ ಸಾಕು), ಅದರ ತೂಕದ ಮೂರ್ನಾಲ್ಕು ಪಟ್ಟು ಟರ್ಪೆಂಟೈನ್ ಸೇರಿಸಿ, ಮುಚ್ಚಳವಿರುವ ಗಾಜಿನ ಬಾಟಲಿಯಲ್ಲಿ ಹಾಕಿ ಬಿಸಿಲು ತಾಗುವ ಕಟ್ಟೆಯ ಮೇಲೆ ಇಡುವುದು. ಜೇನುಮೇಣ ಕರಗಲು ಸುಮಾರು 62 ಡಿಗ್ರಿ ಸೆಲ್ಸಿಯಸ್ ಬೇಕಾದರೂ ಟರ್ಪೆಂಟೈನಿನಲ್ಲಿ ಅದು ಅದಕ್ಕಿಂತ ಕಡಿಮೆ ಬಿಸಿಗೇ ನಿಧಾನವಾಗಿ ಬೆರೆಯುತ್ತದೆ. ನಮ್ಮೂರಿನ ಏಪ್ರಿಲ್ ತಿಂಗಳ ಬಿಸಿಲಿಗೆ ಎರಡು ಮೂರು ದಿನ ಸಾಕು, ನಡುನಡುವೆ ಅಲುಗಾಡಿಸುತ್ತಿರಬೇಕು. ಒಲೆಯ ಹತ್ತಿರ ಮಾತ್ರ ಒಯ್ಯಬಾರದು, ಟರ್ಪೆಂಟೈನಿನ ಆವಿಗೆ ಬೆಂಕಿ ಬಲು ಬೇಗ ಹತ್ತುತ್ತದೆ. ತಣ್ಣಗಾದ ಮೇಲೆ ಅದು ಬೆಣ್ಣೆಯ ಹದಕ್ಕೆ ಬರುತ್ತದೆ. ಬಟ್ಟೆಯಲ್ಲಿ ತೆಳುವಾಗಿ ಹಚ್ಚಿ, ಟರ್ಪೆಂಟೈನ್ ಆರಿಹೋದ ಮೇಲೆ ಬೇರೆ ಬಟ್ಟೆಯಿಂದ ಚೆನ್ನಾಗಿ ತಿಕ್ಕಿದರೆ ಉಳಿಯುವುದು ಕಣ್ಣಿಗೆ ಕಾಣದಷ್ಟು ತೆಳುವಾದ ಒಣ ಪದರ ಮಾತ್ರ. ಕಾರಿಗೆ ಹಚ್ಚುವ ಪಾಲಿಶ್ ಮೇಣ ಸುಲಭವಾಗಿ ಸಿಗುತ್ತದೆಂದು ಕೆಲವರು ಅದನ್ನೇ ಬಳಸುವುದುಂಟು. ಅಂಥವುಗಳಲ್ಲಿ ಅನೇಕದರಲ್ಲಿ ಸಿಲಿಕೋನ್ ಇರುತ್ತದೆ. ಮೇಜಿನಿಂದ ಅದು ಮರಕ್ಕೆ ಅಂಟಿದರೆ ಆಮೇಲೆ ಹೊಡೆಯುವ ವಾರ್ನಿಶ್ ಅಲ್ಲಲ್ಲಿ ಮೀನಿನ ಕಣ್ಣಿನಂಥ ಗುಳಿ ಬಿಟ್ಟು ಒಡೆಯುತ್ತದೆ. ಗಿರಣಿಯಲ್ಲಿ ನೂಲಿಗೆ ಬೀಳುತ್ತಿದ್ದ ಎಣ್ಣೆ ಕಲೆಯ ಕಥೆಯೇ ಇಲ್ಲಿಯೂ.

ರಂದಾ ಮಷಿನ್ ಬೇರೆಯದೇ ಜಾತಿ. ಇದರ 1 ಎಚ್.ಪಿ. ಮೋಟಾರು ನಿಮಿಷಕ್ಕೆ 1440 ಸುತ್ತು ತಿರುಗುತ್ತದೆ. ಮೋಟಾರಿನ ಪುಲಿ 6 ಇಂಚು, ಬ್ಲೇಡುಗಳಿರುವ ಉರುಳೆಯ ಪುಲಿ 2 ಇಂಚು ಇರುವುದರಿಂದ ಉರುಳೆಯು ಅದರ ಮೂರು ಪಟ್ಟು, ಅಂದರೆ ಬೆಲ್ಟಿನ ಜಾರಾಟವನ್ನು ಬಿಟ್ಟರೆ ನಿಮಿಷಕ್ಕೆ ಸುಮಾರು 4300 ಸುತ್ತು, ಸೆಕೆಂಡಿಗೆ ಎಪ್ಪತ್ತಕ್ಕೂ ಹೆಚ್ಚು ಸಲ ಸುತ್ತುತ್ತದೆ. ಈ ಓಟವನ್ನೆಲ್ಲ ಹೊತ್ತಿರುವುದು ಎರಡು ತುದಿಯ ಪ್ಲಮ್ಮರ್ ಬ್ಲಾಕುಗಳು, ಎಂದರೆ ಬೇರಿಂಗನ್ನು ಹಿಡಿದು ಕೂರಿಸುವ ಗೂಡುಗಳು, ಒಳಗೆ 25 ಮಿಲಿಮೀಟರ್ ಶಾಫ್ಟಿನ ಬೇರಿಂಗು, ನೆತ್ತಿಯ ಮೇಲೆ ಗ್ರೀಸು ತುಂಬುವ ಸಣ್ಣ ಮೂತಿ, ಅದೇ ಗ್ರೀಸ್ ನಿಪ್ಪಲ್. ನಿಪ್ಪಲ್ ಕಂಡರೆ ಗ್ರೀಸ್ ಗನ್ ಹಿಡಿದವನ ಕೈ ನಿಲ್ಲುವುದಿಲ್ಲ. ಬೇರಿಂಗಿನ ಒಳಗಿನ ಖಾಲಿ ಜಾಗದ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ಗ್ರೀಸಿದ್ದರೆ ಸಾಕು. ಪೂರ್ತಿ ತುಂಬಿದರೆ ಗುಂಡುಗಳು ಉರುಳುವ ಬದಲು ಗ್ರೀಸನ್ನು ಕಡೆಯುತ್ತಾ ಕೂರುತ್ತವೆ, ಕಡೆದಷ್ಟೂ ಬಿಸಿಯಾಗುತ್ತದೆ, ಬಿಸಿಗೆ ಗ್ರೀಸಿನ ಎಣ್ಣೆ ಬೇರ್ಪಟ್ಟು ಸೋರಿಹೋಗಿ ಕೊನೆಗೆ ಉಳಿಯುವುದು ಸೋಪಿನಂಥ ಒಣ ಅಂಶ.

ನಾನು ಮಾಡುವುದು ಇಷ್ಟು: ನಿಪ್ಪಲ್ಲಿನ ತಲೆಯನ್ನು ಬಟ್ಟೆಯಿಂದ ಮೂರು ಸಲ ಒರೆಸುತ್ತೇನೆ, ಏಕೆಂದರೆ ಅದರ ಮೇಲೆ ಕುಳಿತ ಒಂದು ಚಿಟಿಕೆ ಹೊಟ್ಟು ಗನ್ನಿನ ಒತ್ತಡಕ್ಕೆ ನೇರವಾಗಿ ಗುಂಡುಗಳ ನಡುವೆ ಹೋಗುತ್ತದೆ. ಗನ್ನಿನ ಮೂತಿಯಿಂದ ಬರುವ ಮೊದಲ ಹನಿಯನ್ನೂ ಹೊರಗೆ ಒರೆಸಿಬಿಡುತ್ತೇನೆ. ಆಮೇಲೆ, ಪ್ಲಗ್ ಕಿತ್ತ ಸ್ಥಿತಿಯಲ್ಲಿ, ಬ್ಲೇಡುಗಳ ಹತ್ತಿರ ಬೆರಳು ಹೋಗದಂತೆ ಪುಲಿಯನ್ನು ಹಿಡಿದು ಎಡಗೈಯಿಂದ ನಿಧಾನವಾಗಿ ತಿರುಗಿಸುತ್ತಾ, ಬಲಗೈಯಿಂದ ಒಂದು ಸಲ, ಎರಡು ಸಲ ಒತ್ತುತ್ತೇನೆ. ಸೀಲಿನ ಅಂಚಿನಲ್ಲಿ ಕೂದಲೆಳೆಯಷ್ಟು ಹಳೆಯ ಗ್ರೀಸು ಇಣುಕಿದರೆ ಮುಗಿಯಿತು, ಅದನ್ನೂ ಒರೆಸಿಬಿಡುತ್ತೇನೆ. ಲಿಥಿಯಂ ಗ್ರೀಸು, ಗಟ್ಟಿತನದಲ್ಲಿ ಎರಡನೆಯ ದರ್ಜೆಯದು. ಒಂದೇ ಜಾತಿಯನ್ನು ಬಳಸುತ್ತಾ ಬರುವುದು ಒಳ್ಳೆಯದು, ಬೇರೆ ಬೇರೆ ಸೋಪಿನ (ಎಣ್ಣೆಯನ್ನು ಹಿಡಿದಿಟ್ಟು ಗ್ರೀಸಾಗಿಸುವ ಅಂಶ) ಗ್ರೀಸುಗಳು ಬೆರೆತರೆ ಕೆಲವೊಮ್ಮೆ ನೀರಾಗಿ ಹರಿಯುತ್ತವೆ.

ಇದೇ ಉತ್ಸಾಹವನ್ನು ಮೋಟಾರಿನ ಬೇರಿಂಗಿಗೆ ತೋರಿಸಬಾರದು. ಸಣ್ಣ ಮೋಟಾರುಗಳಲ್ಲಿಯೂ ಟೇಬಲ್ ಸಾ ಯಂತ್ರದ ಶಾಫ್ಟಿನಲ್ಲಿಯೂ ಸಾಮಾನ್ಯವಾಗಿ ಇರುವುದು 6203, 6204 ಮುಂತಾದ ಸಂಖ್ಯೆಯ, ಎರಡೂ ಬದಿ ಮುಚ್ಚಿದ ಬೇರಿಂಗುಗಳು. ಸಂಖ್ಯೆಯ ಕೊನೆಯಲ್ಲಿ 2ಆರ್‌ಎಸ್ ಎಂದಿದ್ದರೆ ರಬ್ಬರಿನ ಮುಚ್ಚಳ, ಝಡ್‌ಝಡ್ ಎಂದಿದ್ದರೆ ತಗಡಿನ ಮುಚ್ಚಳ. ಅವುಗಳಿಗೆ ಆಯುಷ್ಯಪೂರ್ತಿ ಸಾಕಾಗುವಷ್ಟು ಗ್ರೀಸು ತಯಾರಾಗುವಾಗಲೇ ಒಳಗೆ ಕುಳಿತಿರುತ್ತದೆ. ಹೊರಗಿನಿಂದ ಎಣ್ಣೆ ಬಿಟ್ಟರೆ ಅದು ಒಳಗೆ ಸರಿಯಾಗಿ ಹೋಗುವುದೂ ಇಲ್ಲ, ಹೋದಷ್ಟು ಒಳಗಿನ ಗ್ರೀಸನ್ನು ತೆಳುವಾಗಿಸುತ್ತದೆ. ಅವು ಸದ್ದು ಮಾಡಲು ಶುರುವಿಟ್ಟರೆ ಬದಲಿಸುವುದೊಂದೇ ದಾರಿ.

ಅಪ್ಪನಿಗೆ ಈ ಮಾತು ಒಪ್ಪಿಗೆಯಾಗಲು ಕಷ್ಟವಾಯಿತು. ಪ್ರತಿಯೊಂದು ತಿರುಗುವ ವಸ್ತುವಿಗೂ ಹೊತ್ತು ಹೊತ್ತಿಗೆ ಎಣ್ಣೆ ಬೀಳಬೇಕೆಂಬ ಲೋಕದಿಂದ ಬಂದವರು ಅವರು. ಹಳೆಯ 6203 ಒಂದರ ರಬ್ಬರ್ ಮುಚ್ಚಳವನ್ನು ಸೂಜಿಯಿಂದ ಎಬ್ಬಿಸಿ ಒಳಗಿನ ಗ್ರೀಸನ್ನು ತೋರಿಸಿದಾಗ, ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, “ಹಂಗಾದ್ರೆ ಆಯಿಲರ್‌ಗೆ ಕೆಲಸಾನೇ ಇಲ್ಲ ಬಿಡು” ಎಂದರು. ಅದಕ್ಕೆ ನಾನೇನೂ ಹೇಳಲಿಲ್ಲ.

ಮೋಟಾರಿನ ವಿಷಯದಲ್ಲಿ ಬೇಕಾದದ್ದು ಬ್ರಷ್ಷು ಮಾತ್ರ. ಹಿಂಬದಿಯ ಫ್ಯಾನಿನ ಜಾಲರಿಯೂ ಮೈಮೇಲಿನ ರೆಕ್ಕೆಗಳೂ ಹೊಟ್ಟಿನಿಂದ ಮುಚ್ಚಿದರೆ ಮೋಟಾರಿನ ಬಿಸಿ ಹೊರಹೋಗದೆ ಒಳಗಿನ ಸುರುಳಿಯ ವಾರ್ನಿಶ್ ಸುಡುತ್ತದೆ. ಒಂಟಿ ಫೇಸಿನ ಮೋಟಾರು ಸ್ವಿಚ್ಚು ಹಾಕಿದೊಡನೆ ಹುಂ ಎಂದು ಗುನುಗಿ ತಿರುಗದೆ ನಿಂತರೆ ತಕ್ಷಣ ಆಫ್ ಮಾಡಬೇಕು. ಕೆಪಾಸಿಟರ್ ಹೋಗಿರಬಹುದು, ಇಲ್ಲವೇ ಒಳಗಿನ ಸೆಂಟ್ರಿಫ್ಯೂಗಲ್ ಸ್ವಿಚ್ಚಿನ ತುಟಿಗಳ ನಡುವೆ ಧೂಳು ಸಿಕ್ಕಿರಬಹುದು. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ತು ಉಳಿದಿರುವ ಸಾಧ್ಯತೆ ಇರುವುದರಿಂದ ಅದನ್ನು ತಿಳಿದವರ ಕೈಗೆ ಕೊಡುತ್ತೇನೆ. ಬೆಲ್ಟಿಗೆ ಯಾವ ಜಿಡ್ಡೂ ತಾಗಬಾರದು. ಕಿರುಗುಟ್ಟುತ್ತದೆಂದು ಬೆಲ್ಟಿಗೇ ಎಣ್ಣೆ ಹಾಕಿದ ಮಹನೀಯರೊಬ್ಬರು ನಮ್ಮ ಬೀದಿಯಲ್ಲಿಯೇ ಇದ್ದಾರೆ. ಕಿರುಗುಟ್ಟುವುದು ನಿಂತಿತು, ಯಂತ್ರವೂ ನಿಂತಿತು.

ಅಡುಗೆ ಎಣ್ಣೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ಪಕ್ಕದ ಜಿಲ್ಲೆಯ ಚಳ್ಳಕೆರೆಗೆ ಎಣ್ಣೆ ನಗರಿಯೆಂಬ ಹೆಸರೇ ಇದೆ, ಶೇಂಗಾ ಎಣ್ಣೆಗೆ ನಮ್ಮ ಸೀಮೆಯಲ್ಲಿ ಎಂದೂ ಬರವಿಲ್ಲ. ಹೊಲಿಗೆ ಯಂತ್ರಕ್ಕೆ ಕೊಬ್ಬರಿ ಎಣ್ಣೆ, ಬಾಗಿಲಿನ ಕೀಲಿಗೆ ಶೇಂಗಾ ಎಣ್ಣೆ ಬಿಡುವ ರೂಢಿಯನ್ನು ಅವ್ವನಿಂದ ನೋಡಿಕೊಂಡು ಬೆಳೆದ ನಾನು ಡ್ರಿಲ್ಲಿಂಗ್ ಸ್ಟ್ಯಾಂಡಿನ ಮೇಲೆ ಕೆಳಗೆ ಸರಿಯುವ ಕೊಳವೆಗೆ ಕೊಬ್ಬರಿ ಎಣ್ಣೆಯನ್ನೇ ಹಾಕಿದ್ದೆ. ಡಿಸೆಂಬರಿನ ಬೆಳಗಿನ ಚಳಿಯಲ್ಲಿ ಹಿಡಿ ಒತ್ತಿದರೆ ಕೊಳವೆ ಕೆಳಗಿಳಿಯಿತು, ಬಿಟ್ಟರೆ ಮೇಲಕ್ಕೆ ಬರಲಿಲ್ಲ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆಂಬುದು ತಲೆಗೆ ಹಚ್ಚುವ ಬಾಟಲಿಯನ್ನು ಬಿಸಿಲಿಗಿಡುವ ಪ್ರತಿಯೊಂದು ಮನೆಗೂ ಗೊತ್ತು, ಯಂತ್ರದ ಮುಂದೆ ನಿಂತಾಗ ನನಗೆ ಮಾತ್ರ ಮರೆತಿತ್ತು. ಹೆಪ್ಪುಗಟ್ಟದ ಸಸ್ಯಜನ್ಯ ಎಣ್ಣೆಗಳೂ ಗಾಳಿಯೊಂದಿಗೆ ಸೇರಿ ಕಾಲಕ್ರಮದಲ್ಲಿ ಅಂಟಾಗುತ್ತವೆ. ಈಗ ಆ ಕೊಳವೆಗೆ ತೆಳ್ಳಗಿನ ಹೊಲಿಗೆ ಯಂತ್ರದ ಎಣ್ಣೆಯನ್ನು ಬಟ್ಟೆಗೆ ಎರಡು ಹನಿ ಹಾಕಿ ಸವರುತ್ತೇನೆ, ನೇರವಾಗಿ ಸುರಿಯುವುದಿಲ್ಲ. ಡ್ರಿಲ್ ಚಕ್ಕು ಕೂರುವ ಓರೆ ತುದಿ ಮಾತ್ರ ಸಂಪೂರ್ಣ ಒಣಗಿರಬೇಕು, ಅದು ಹಿಡಿದು ನಿಲ್ಲುವುದು ಉಜ್ಜುವಿಕೆಯ ಬಲದಿಂದಲೇ.

ಎಲ್ಲರ ಮನೆಯಲ್ಲಿಯೂ ಇರುವ ಡಬ್ಲ್ಯೂಡಿ-40 ಡಬ್ಬಿಯ ಹೆಸರಿನಲ್ಲಿಯೇ ಅದರ ಕೆಲಸ ಅಡಗಿದೆ. 1953ರಲ್ಲಿ ಅಮೆರಿಕದಲ್ಲಿ ಅದನ್ನು ರೂಪಿಸಿದ್ದು ಲೋಹದ ಮೇಲಿನ ನೀರನ್ನು ದೂರ ತಳ್ಳಿ ತುಕ್ಕು ತಡೆಯಲು, ಡಬ್ಲ್ಯೂಡಿ ಎಂದರೆ ವಾಟರ್ ಡಿಸ್‌ಪ್ಲೇಸ್‌ಮೆಂಟ್ (ನೀರನ್ನು ತಳ್ಳುವುದು), ನಲವತ್ತು ಎಂಬುದು ಪ್ರಯತ್ನದ ಸಂಖ್ಯೆ. ಅಂಟಿದ ರಾಳ ಬಿಡಿಸಲು, ಬಿಗಿದ ಬೋಲ್ಟು ಸಡಿಲಿಸಲು ನಾನೂ ಬಳಸುತ್ತೇನೆ. ಆಮೇಲೆ ಅದನ್ನು ಪೂರ್ತಿ ಒರೆಸಿ, ಬೇಕಾದ ಕಡೆಗೆ ಬೇಕಾದುದನ್ನು ಹಾಕುತ್ತೇನೆ.

ಬ್ಲೇಡು ಮೊಂಡಾಯಿತೆಂದು ಸಾಣೆಗೆ ಕೊಡುವ ಮೊದಲು ಅದನ್ನು ತೊಳೆದು ನೋಡಬೇಕು. ಕೊಯ್ಯುವಾಗ ಮರ ಸುಟ್ಟ ವಾಸನೆ ಬಂದರೆ ಹತ್ತಕ್ಕೆ ಆರು ಸಲ ಹಲ್ಲಿಗೆ ಅಂಟಿದ ರಾಳವೇ ಕಾರಣವಾಗಿರುತ್ತದೆ. ಹಳೆಯ ಅಗಲ ತಟ್ಟೆಯಲ್ಲಿ ಉಗುರುಬೆಚ್ಚಗಿನ ನೀರು, ಎರಡು ಚಮಚ ವಾಷಿಂಗ್ ಸೋಡಾ, ಹದಿನೈದು ನಿಮಿಷ, ನೈಲಾನ್ ಬ್ರಷ್ಷು. ಕಾಸ್ಟಿಕ್ ಸೋಡಾ ಬೇಡ, ಬ್ಲೇಡಿನ ಲೇಪಕ್ಕೂ ಕೈಯ ಚರ್ಮಕ್ಕೂ ಅದು ಒಳ್ಳೆಯದಲ್ಲ. ತೊಳೆದ ಕೂಡಲೇ ಒರೆಸಿ ಬಿಸಿಲಿಗಿಟ್ಟು ಮೇಣ ಸವರದಿದ್ದರೆ ಸಂಜೆಯೊಳಗೆ ಕೆಂಪು ಕಾಣಿಸಿಕೊಳ್ಳುತ್ತದೆ.

ತುಕ್ಕಿನ ಮಾತು ಬಂದಾಗ ಆಯುಧ ಪೂಜೆಯನ್ನು ನೆನೆಯದೆ ಇರಲಾರೆ. ವರ್ಷದಲ್ಲಿ ಆ ಒಂದು ದಿನವಾದರೂ ಪ್ರತಿಯೊಂದು ಯಂತ್ರವೂ ತೊಳೆಸಿಕೊಳ್ಳುತ್ತದೆ, ಅದರ ಮಟ್ಟಿಗೆ ಈ ಹಬ್ಬಕ್ಕೆ ನಾನು ಋಣಿ. ಆದರೆ ಮೊದಲ ವರ್ಷ ಉಜ್ಜಿ ಬೆಳಗಿದ ಬೀಡಿನ ಮೇಜಿನ ನಡುವೆ ನೀರಿನಲ್ಲಿ ಕಲಸಿದ ವಿಭೂತಿಯ ಮೂರು ಪಟ್ಟೆ ಎಳೆದು, ಅರಿಶಿನ ಕುಂಕುಮದ ಬೊಟ್ಟಿಟ್ಟು, ಹೂವೇರಿಸಿ, ರಾತ್ರಿ ಹಾಗೆಯೇ ಬಿಟ್ಟೆ. ವಿಜಯದಶಮಿಯ ಬೆಳಿಗ್ಗೆ ಒರೆಸಿದರೆ ಮೂರು ಪಟ್ಟೆಗಳೂ ತುಕ್ಕಿನ ಬಣ್ಣದಲ್ಲಿ ಅಚ್ಚಳಿಯದೆ ಉಳಿದಿದ್ದವು, ಚೆಂಡುಹೂವಿನ ಕೆಳಗಿದ್ದ ಜಾಗದಲ್ಲಿ ದುಂಡನೆಯ ಕಪ್ಪು ಕಲೆ. ಸೀಮೆಎಣ್ಣೆ ಮತ್ತು ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರಿನಿಂದ ಅರ್ಧ ದಿನ ಉಜ್ಜಿದ ಮೇಲೂ ಓರೆ ಬೆಳಕಿನಲ್ಲಿ ನೋಡಿದರೆ ಪಟ್ಟೆಗಳು ಇಂದಿಗೂ ತೆಳುವಾಗಿ ಕಾಣುತ್ತವೆ. ಈಗ ಮೇಜಿಗೆ ಹಿಂದಿನ ದಿನವೇ ಮೇಣ ತಿಕ್ಕಿ, ಪೂಜೆಯನ್ನು ಬಣ್ಣ ಬಳಿದ ಪೆಟ್ಟಿಗೆಯ ಬದಿಗೆ ಮಾಡುತ್ತೇನೆ. ಹಸಿ ಜಾಲಿ ಅಥವಾ ತೇಗದ ತುಂಡನ್ನು ರಾತ್ರಿ ಮೇಜಿನ ಮೇಲೆ ಮರೆತರೂ ಇದೇ ಗತಿ; ಮರದ ಒಗರು ಕಬ್ಬಿಣದೊಂದಿಗೆ ಸೇರಿ ಶಾಯಿಯಂಥ ಕಲೆ ಮಾಡುತ್ತದೆ. ಟೀ ಲೋಟದ ಬುಡದ ಉಂಗುರಗಳ ಬಗ್ಗೆ ಹೇಳುವುದೇ ಬೇಡ.

ಮಳೆಗಾಲದಲ್ಲಿ ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ತೇವ ಒಳಗೆ ಸಿಕ್ಕಿಕೊಂಡು ಇನ್ನಷ್ಟು ಕೆಡುತ್ತದೆ. ಮೇಣ ತಿಕ್ಕಿದ ಮೇಜಿನ ಮೇಲೆ ಒಣಗಿದ ಹಳೆಯ ಕೌದಿ ಹೊದಿಸುವುದು ನನ್ನ ಕ್ರಮ. ವಾರಕ್ಕೊಮ್ಮೆ ಕೌದಿಯನ್ನು ಬಿಸಿಲಿಗೆ ಹಾಕಬೇಕು. ಕೆಲಸ ಮುಗಿದ ದಿನವೆಲ್ಲ ಹತ್ತು ನಿಮಿಷ ಬ್ರಷ್ಷು, ತಿಂಗಳಿಗೊಮ್ಮೆ ಮೇಣ ಮತ್ತು ಬೆಲ್ಟಿನ ಬಿಗಿ ನೋಡುವುದು, ಆರು ತಿಂಗಳಿಗೊಮ್ಮೆ ರಂದಾ ಮಷಿನ್ನಿನ ಗ್ರೀಸು, ಇಷ್ಟನ್ನು ಶೆಡ್ಡಿನ ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಹುಣ್ಣಿಮೆಗಳ ಪಕ್ಕದಲ್ಲಿಯೇ ಬರೆದಿಟ್ಟಿದ್ದೇನೆ. ಒರೆಸಿದ ಬಟ್ಟೆಗಳನ್ನು ಮುದುಡಿ ಮೂಲೆಗೆ ಎಸೆಯುವುದಿಲ್ಲ. ವಿಶೇಷವಾಗಿ ಮರಕ್ಕೆ ಹಚ್ಚುವ ಅಗಸೆ ಎಣ್ಣೆಯ ಬಟ್ಟೆ ಮುದ್ದೆಯಾಗಿ ಬಿದ್ದಿದ್ದರೆ ಆರುವಾಗ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳುತ್ತದೆ, ಸುತ್ತ ಹೊಟ್ಟಿದ್ದರೆ ಕೇಳುವುದೇ ಬೇಡ. ಅವನ್ನು ಹೊರಗೆ ತಂತಿಯ ಮೇಲೆ ಹರಡಿ ಆರಿಸುತ್ತೇನೆ.

ಮೊನ್ನೆ ಭಾನುವಾರ ಅಪ್ಪ ಕೋಲೂರಿಕೊಂಡು ಶೆಡ್ಡಿಗೆ ಬಂದರು. ರಂದಾ ಮಷಿನ್ನಿನ ಕಾವಲು ಮುಚ್ಚಿ, ಖಾಲಿ ಓಡಿಸಲು ಹೇಳಿ, ಕೋಲನ್ನು ತಿರುವಿ ಹಿಡಿದು ಅದರ ತುದಿಯನ್ನು ಬಲಗಡೆಯ ಪ್ಲಮ್ಮರ್ ಬ್ಲಾಕಿನ ಮೈಗೆ ಒತ್ತಿ ಇನ್ನೊಂದು ತುದಿಯನ್ನು ಕಿವಿಯ ಹಿಂದಿನ ಎಲುಬಿಗೆ ಆನಿಸಿಕೊಂಡರು. ಆಮೇಲೆ ಎಡಗಡೆಗೆ ಬಂದು ಹಾಗೆಯೇ ನಿಂತರು. ನನಗೆ ಎರಡೂ ಒಂದೇ ಸದ್ದು. “ಇದು ಅಳಾಕತ್ತೈತಿ, ಗ್ರೀಸಿಗೆ ಸುಮ್ಮನಾಗಂಗಿಲ್ಲ” ಎಂದು ಕೋಲು ಇಳಿಸಿದರು. ನಾನೂ ಕೋಲನ್ನು ತೆಗೆದುಕೊಂಡು ಆನಿಸಿ ಕೇಳಿದೆ. ಬಲಗಡೆಯದು ಒಂದೇ ಎಳೆಯ ಗುಂಯ್‌ಗುಟ್ಟುವಿಕೆಯಾದರೆ, ಎಡಗಡೆಯದರ ಕೆಳಗೆ ಎಲ್ಲೋ ಉಸುಕು ತುಳಿದಂಥ ಸಣ್ಣ ಕರಕರ ಇತ್ತು. ಪ್ಲಗ್ ಕಿತ್ತು, ಬ್ಲಾಕಿನ ಮೇಲಿನ ಹೊಟ್ಟು ಒರೆಸಿ, ಅಚ್ಚೊತ್ತಿದ್ದ ಯುಸಿಪಿ 205 ಎಂಬ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಂಡೆ. ಪಿ.ಬಿ. ರಸ್ತೆಯ ಬೇರಿಂಗ್ ಅಂಗಡಿ ಭಾನುವಾರ ತೆರೆಯುವುದಿಲ್ಲವಾದ್ದರಿಂದ, ಯಾರೂ ಮರೆತು ಯಂತ್ರ ಹಚ್ಚದಿರಲೆಂದು ವೈರನ್ನು ಸುತ್ತಿ ಹಗ್ಗದಲ್ಲಿ ಕಟ್ಟಿ, ಮೇಲೆ ಕೌದಿ ಹೊದಿಸಿ ಬಂದಿದ್ದೇನೆ.